ಫೋಟೊದ ಕೆಳಗೆ ಇನ್ನೊಂದು ಸಾಲು ಇರಲಿ

ಮಾನ್ಯ ಸಂಪಾದಕರೇ,

ಓದುಗರು ಕಳಿಸುವ ಫೋಟೊಗಳಿಗೆ ನಿಮ್ಮ ಪತ್ರಿಕೆ ಜಾಗ ಕೊಡುತ್ತಿದೆ. ಆನೆಗೊಂದಿಯ ಬಂಡೆಗಳು, ಸಿಂಧನೂರಿನ ಭತ್ತದ ಗದ್ದೆ, ಬಳ್ಳಾರಿ ಗುಡ್ಡದ ಕೋಟೆ, ಕೊಪ್ಪಳದ ತೇರು ಅಚ್ಚಾಗಿ ಬಂದಾಗ ನಮ್ಮ ಭಾಗದವರಿಗೆಲ್ಲ ಖುಷಿಯಾಗುತ್ತದೆ. ಆ ಚಿತ್ರಗಳ ಕೆಳಗೆ ಈಗ ತೆಗೆದವರ ಹೆಸರು, ಊರು ಮಾತ್ರ ಇರುತ್ತದೆ. ಅದರ ಜೊತೆಗೆ ಇನ್ನೊಂದು ಸಾಲು ಹಾಕಬೇಕೆಂದು ಕೇಳಲು ಈ ಪತ್ರ: ಎಷ್ಟು ಗಂಟೆಗೆ ತೆಗೆದದ್ದು, ಯಾವ ತಿಂಗಳು, ಶಟರ್ (ಬೆಳಕಿಗೆ ತೆರೆದಿರುವ ಹೊತ್ತು) ಎಷ್ಟು, ಅಪರ್ಚರ್ (ಲೆನ್ಸ್‌ನ ಕಿಂಡಿಯ ಅಗಲ) ಎಷ್ಟು, ಐಎಸ್‌ಒ (ಬೆಳಕು ಹಿಡಿಯುವ ಚುರುಕು) ಎಷ್ಟು, ಲೆನ್ಸ್ ಯಾವುದು. ಒಂದೇ ಸಾಲಿನ ಜಾಗ ಸಾಕು. ಕ್ಯಾಮೆರಾ ಹಿಡಿದ ಹುಡುಗ ಹುಡುಗಿಯರಿಗೆ ಅದೇ ಪಾಠವಾಗುತ್ತದೆ. ಯಾಕೆಂದರೆ ನಮ್ಮ ಬಿಸಿಲು ಬೇರೆ, ನಮ್ಮ ಕಲ್ಲು ಬೇರೆ. ಬೇರೆ ಕಡೆಯ ಪಾಠ ಇಲ್ಲಿಗೆ ಅರ್ಧ ಮಾತ್ರ ಹೊಂದುತ್ತದೆ.

ಎಲ್ಲಕ್ಕಿಂತ ಮೊದಲು ಗಂಟೆಯ ವಿಷಯ. ಸೂರ್ಯ ಹುಟ್ಟಿದ ಮೇಲಿನ ಒಂದು ಗಂಟೆ, ಮುಳುಗುವ ಮುಂಚಿನ ಒಂದು ಗಂಟೆ ಬೆಳಕು ಹೊಂಬಣ್ಣಕ್ಕಿರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆ ಲೆಕ್ಕ ಉತ್ತರದ ತಂಪು ದೇಶಗಳದ್ದು. ಅಲ್ಲಿ ಸೂರ್ಯ ಓರೆಯಾಗಿ ಏರುತ್ತಾನೆ. ಬಳ್ಳಾರಿ, ಕೊಪ್ಪಳ, ರಾಯಚೂರು ಇರುವುದು 15ರಿಂದ 16 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಇಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಮೇಲೇರುತ್ತಾನೆ, ಗಂಟೆಗೆ ಸುಮಾರು 14 ಡಿಗ್ರಿ. ದಿಗಂತದಿಂದ 6 ಡಿಗ್ರಿ ಮೇಲೆ ಬರುವುದಕ್ಕೆ ಅರ್ಧ ಗಂಟೆಯೂ ಬೇಡ. ಅಲ್ಲಿಗೆ ಹೊಂಬಣ್ಣ ಮುಗಿಯಿತು. ಜನವರಿಯಲ್ಲಿ ಕೊಪ್ಪಳದಲ್ಲಿ 6.50ರ ಸುಮಾರಿಗೆ ಸೂರ್ಯ ಹುಟ್ಟಿದರೆ 7.20ಕ್ಕೆಲ್ಲ ಬಂಡೆಯ ಬಣ್ಣ ಬದಲಾಗಿರುತ್ತದೆ. ಬೆಳಗಿನ ಚಿತ್ರ ಬೇಕೆಂದು ಅಂಜನಾದ್ರಿಗೆ ಹೋಗುವವರು ಏಳು ಗಂಟೆಗೆ ಕೆಳಗೆ ಗಾಡಿ ನಿಲ್ಲಿಸಿದರೆ 575 ಮೆಟ್ಟಿಲು ಹತ್ತುವಷ್ಟರಲ್ಲಿ ಬೆಳಕು ಕೈತಪ್ಪುತ್ತದೆ. ನಸುಕಿನಲ್ಲೇ ಮೇಲಿರಬೇಕು. ಯಾವ ಕಡೆಗೆ ಕ್ಯಾಮೆರಾ ತಿರುಗಿಸಬೇಕು, ಮುಂದೆ ಯಾವ ಬಂಡೆ ಇರಬೇಕು ಎಂಬುದನ್ನು ಹಿಂದಿನ ದಿನ ಸಂಜೆಯೇ ನೋಡಿಟ್ಟುಕೊಳ್ಳಬೇಕು. ಬೆಳಗ್ಗೆ ಜಾಗ ಹುಡುಕುತ್ತ ಕೂತರೆ ಇರುವ ಇಪ್ಪತ್ತೈದು ನಿಮಿಷ ಹುಡುಕಾಟಕ್ಕೇ ಹೋಗುತ್ತದೆ.

ನಡುಹಗಲಿನ ಬಿಸಿಲು ಇನ್ನೊಂದು ಮಾತು. ಮೇ ತಿಂಗಳ ಆರಂಭದಲ್ಲಿ ಒಮ್ಮೆ, ಆಗಸ್ಟ್ ಎರಡನೇ ವಾರದ ಆಸುಪಾಸಿನಲ್ಲಿ ಇನ್ನೊಮ್ಮೆ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಬರುತ್ತಾನೆ. ಕಂಬದ ನೆರಳು ಕಂಬದ ಬುಡದಲ್ಲೇ ಅಡಗುತ್ತದೆ. ಆಗ ಜನರ ಕಣ್ಣು ಹುಬ್ಬಿನ ನೆರಳಲ್ಲಿ ಮುಚ್ಚಿಹೋಗುತ್ತದೆ, ಶಿಲ್ಪದ ಮೂಗಿನ ಕೆಳಗೆ ಕಪ್ಪು ಬೀಳುತ್ತದೆ, ಬಂಡೆ ಚಪ್ಪಟೆಯಾಗಿ ಕಾಣುತ್ತದೆ. ಬೇಸಿಗೆಯ ಆಕಾಶ ಧೂಳಿನಿಂದ ಬೆಳ್ಳಗಿರುತ್ತದೆ, ನೀಲಿ ಬರುವುದೇ ಇಲ್ಲ. ಮಳೆ ಬಿದ್ದು ಗಾಳಿ ತೊಳೆದ ಮೇಲೆ, ಜುಲೈನಿಂದ ನವೆಂಬರ್‌ವರೆಗೆ, ಮೋಡಗಳೂ ಇರುತ್ತವೆ, ಬಯಲಿನ ಮೇಲೆ ಅವುಗಳ ನೆರಳೂ ಓಡುತ್ತದೆ. ನಮ್ಮ ಭಾಗದ ಬಯಲು ಚಿತ್ರಕ್ಕೆ ಅದೇ ಹಂಗಾಮು. ನಿಮ್ಮ ಪುಟಕ್ಕೆ ಬರುವ ಬೆಳ್ಳನೆ ಆಕಾಶದ ಫೋಟೊಗಳಲ್ಲಿ ಹೆಚ್ಚಿನವು ಬೇಸಿಗೆ ರಜೆಯಲ್ಲಿ ಮಧ್ಯಾಹ್ನ ತೆಗೆದವು ಎಂಬುದು ಚಿತ್ರದ ನೆರಳು ನೋಡಿದರೇ ತಿಳಿಯುತ್ತದೆ. ಕೆಳಗೆ ಗಂಟೆ ಅಚ್ಚಾಗಿದ್ದರೆ ಎಲ್ಲ ಓದುಗರಿಗೂ ತಿಳಿದೀತು.

ಸೂರ್ಯ ಹುಟ್ಟುವ ದಿಕ್ಕೂ ವರ್ಷವಿಡೀ ಸರಿದಾಡುತ್ತದೆ. ಜೂನ್‌ನಲ್ಲಿ ನೇರ ಪೂರ್ವಕ್ಕಿಂತ ಸುಮಾರು 24 ಡಿಗ್ರಿ ಉತ್ತರಕ್ಕೆ, ಡಿಸೆಂಬರ್‌ನಲ್ಲಿ ಅಷ್ಟೇ ದಕ್ಷಿಣಕ್ಕೆ. ಗುಡಿಗಳ ಚಿತ್ರ ತೆಗೆಯುವವರಿಗೆ ಇದು ದೊಡ್ಡ ವಿಷಯ. ಕುಕನೂರು ಬಳಿಯ ಇಟಗಿಯ ಮಹಾದೇವ ದೇವಾಲಯ ಪೂರ್ವಕ್ಕೆ ಮುಖ ಮಾಡಿದೆ. ಚಾಲುಕ್ಯ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ ಇದು, ಶಾಸನವೇ ಇದನ್ನು ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಬಿಸಿಲು ಆಗ್ನೇಯದಿಂದ ಬಂದು ದಕ್ಷಿಣದ ಗೋಡೆಯನ್ನು ಓರೆಯಾಗಿ ಸವರುತ್ತದೆ. ಜೂನ್‌ನಲ್ಲಿ ಉತ್ತರದ ಗೋಡೆಯ ಸರದಿ. ಬಳಪದ ಕಲ್ಲಿನಲ್ಲಿ ಕೊರೆದ ಬಳ್ಳಿ, ಕೀರ್ತಿಮುಖ, ಪುಟ್ಟ ಗೋಪುರಗಳು ಉಬ್ಬಿ ಕಾಣಬೇಕೆಂದರೆ ಬೆಳಕು ಗೋಡೆಗೆ ತಾಗಿಯೂ ತಾಗದಂತೆ ಪಕ್ಕದಿಂದ ಬರಬೇಕು. ಸೂರ್ಯ ನಿಮ್ಮ ಬೆನ್ನ ಹಿಂದಿದ್ದು ಗೋಡೆಗೆ ನೇರವಾಗಿ ಬಿದ್ದರೆ ಕೆತ್ತನೆಯ ನೆರಳು ಕೆತ್ತನೆಯ ಹಿಂದೆಯೇ ಅಡಗುತ್ತದೆ, ಗೋಡೆ ಚಪ್ಪಟೆ ಹಲಗೆಯಾಗುತ್ತದೆ. ಹಾಗಾಗಿ ಒಂದೇ ಗುಡಿಗೆ ವರ್ಷಕ್ಕೆ ಎರಡು ಸಲ ಹೋಗಬೇಕು. ಒಂದೇ ದಿನ ನಾಲ್ಕೂ ಗೋಡೆ ತೆಗೆದು ಮುಗಿಸುವವರಿಗೆ ಒಂದು ಗೋಡೆ ಚೆನ್ನಾಗಿ ಬರುತ್ತದೆ, ಉಳಿದ ಮೂರು ಕೆಡುತ್ತವೆ.

ಇನ್ನು ಸೆಟ್ಟಿಂಗ್. ನಿಚ್ಚಳ ಬಿಸಿಲಿಗೆ ಹಳೆಯ ಫಿಲ್ಮ್ ಕಾಲದ ಲೆಕ್ಕ ಈಗಲೂ ಸುಳ್ಳಾಗಿಲ್ಲ. ಅಪರ್ಚರ್ ಎಫ್/16 (ಎಫ್ ಸಂಖ್ಯೆ ದೊಡ್ಡದಾದಷ್ಟು ಕಿಂಡಿ ಕಿರಿದು) ಇಟ್ಟರೆ ಶಟರ್ ಐಎಸ್‌ಒ ಸಂಖ್ಯೆಯ ಪಾಲಿನಷ್ಟು: ಐಎಸ್‌ಒ 100ಕ್ಕೆ ಸೆಕೆಂಡಿನ 1/100, ಅದಕ್ಕೆ ಹತ್ತಿರದ 1/125 ಇಟ್ಟರೆ ಆಯಿತು. ಅದೇ ಬೆಳಕನ್ನು ಎಫ್/11ರಲ್ಲಿ 1/250, ಎಫ್/8ರಲ್ಲಿ 1/500, ಎಫ್/5.6ರಲ್ಲಿ 1/1000 ಎಂದು ಬದಲಿಸಿಕೊಳ್ಳಬಹುದು. ಬಂಡೆಯ ನೆರಳಿನಲ್ಲಿ, ಮೇಲೆ ಆಕಾಶ ತೆರೆದಿರುವ ಕಡೆ, ನಾಲ್ಕು ಸ್ಟಾಪ್ ಕಡಿಮೆ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವುದು ಅಥವಾ ಇಮ್ಮಡಿಯಾಗುವುದು): ಐಎಸ್‌ಒ 100, ಎಫ್/8, 1/30. ಈ ಎರಡು ಸಂಖ್ಯೆ ಬಾಯಿಪಾಠವಾಗಿದ್ದರೆ ಕ್ಯಾಮೆರಾ ತೋರಿಸುವ ಸಂಖ್ಯೆ ಸರಿಯೋ ತಪ್ಪೋ ಎಂದು ಕೂಡಲೇ ಹೇಳಬಹುದು.

ಕ್ಯಾಮೆರಾ ಯಾಕೆ ತಪ್ಪುತ್ತದೆ ಎಂದು ಗೊತ್ತಿರಬೇಕು. ಒಳಗಿನ ಮೀಟರ್‌ಗೆ ಎದುರಿಗಿರುವುದು ಹತ್ತಿಯೋ ಎಮ್ಮೆಯೋ ತಿಳಿಯದು. ಏನನ್ನು ಕಂಡರೂ ಅದನ್ನು ನಡುವಿನ ಬೂದು ಬಣ್ಣಕ್ಕೆ ತರಲು ಹೊರಡುತ್ತದೆ. ಬಿರಿದ ಹತ್ತಿಯ ಹೊಲವನ್ನು ಚೌಕಟ್ಟು ತುಂಬ ತೆಗೆದರೆ ಹತ್ತಿ ಬೂದಿಯಂತೆ ಬರುತ್ತದೆ. ಅಲ್ಲಿ ಎಕ್ಸ್‌ಪೋಶರ್ ಕಾಂಪನ್ಸೇಶನ್ (ಕ್ಯಾಮೆರಾ ಅಳೆದ ಬೆಳಕನ್ನು ಸ್ಟಾಪ್ ಲೆಕ್ಕದಲ್ಲಿ ಏರಿಸಿ ಇಳಿಸುವುದು) ಪ್ಲಸ್ 1ರಿಂದ ಪ್ಲಸ್ 1.7ರವರೆಗೆ ಏರಿಸಬೇಕು. ಸುಣ್ಣ ಬಳಿದ ಗುಡಿ, ಬಿಳಿ ಪಂಚೆ, ಬಿಳಿ ಟೋಪಿಯ ಸಾಲು ಇದ್ದಲ್ಲಿಯೂ ಹಾಗೆಯೇ. ಉತ್ತಿಟ್ಟ ಎರೆ ಹೊಲಕ್ಕೆ ಇದರ ತಿರುವುಮುರುವು: ಕಪ್ಪು ಮಣ್ಣನ್ನು ಕ್ಯಾಮೆರಾ ಬೂದು ಮಾಡಲು ಹೋಗಿ ಬೆಳಕು ಹೆಚ್ಚಿಸುತ್ತದೆ, ಮಣ್ಣಿನ ಹಸಿ ಕಪ್ಪು ಹೋಗಿ ಆಕಾಶವೂ ಸುಟ್ಟುಹೋಗುತ್ತದೆ, ಅಂದರೆ ವಿವರವಿಲ್ಲದ ಬಿಳಿಯಾಗುತ್ತದೆ. ಮೈನಸ್ 1 ಇಡಬೇಕು. ಎಮ್ಮೆಯ ಹಿಂಡಿಗೂ ಮೈನಸ್ 0.7 ಸಾಕಾಗುತ್ತದೆ, ಆದರೆ ಎಮ್ಮೆ ಚಿಕ್ಕದಾಗಿದ್ದು ಸುತ್ತ ಬಿಳಿ ಮರಳಿದ್ದರೆ ಲೆಕ್ಕ ಮತ್ತೆ ಪ್ಲಸ್ ಕಡೆಗೆ ತಿರುಗುತ್ತದೆ. ಚೌಕಟ್ಟಿನಲ್ಲಿ ಹೆಚ್ಚು ಜಾಗ ಹಿಡಿದದ್ದು ಯಾವುದು ಎಂಬುದೇ ಪ್ರಶ್ನೆ.

ನಮ್ಮ ಭಾಗಕ್ಕೆ ಒಂದು ಅನುಕೂಲವಿದೆ. ಬಿಸಿಲು ಬಿದ್ದ ನಮ್ಮ ಗ್ರಾನೈಟ್ ಬಂಡೆಯ ನಸುಗೆಂಪು ಬೂದು ಬಣ್ಣ ಹೆಚ್ಚುಕಡಿಮೆ ಮೀಟರ್ ಬಯಸುವ ಬೂದಿಯೇ. ಮಳೆನೀರು ಹರಿದು ಕಪ್ಪಾದ ಪಟ್ಟೆ ಬಿಟ್ಟು, ಉಳಿದ ಮೈಯ ಮೇಲೆ ಸ್ಪಾಟ್ ಮೀಟರ್ (ಚೌಕಟ್ಟಿನ ಒಂದು ಚುಕ್ಕೆಯನ್ನಷ್ಟೇ ಅಳೆಯುವುದು) ಇಟ್ಟು ಅಳೆದು, ಆ ಸಂಖ್ಯೆಯನ್ನು ಮ್ಯಾನುಯಲ್‌ನಲ್ಲಿ ಕಟ್ಟಿಹಾಕಿದರೆ ಅದೇ ಬಿಸಿಲಲ್ಲಿ ಗದ್ದೆ, ಜನ, ಆಕಾಶ ಎಲ್ಲವೂ ಸರಿಯಾಗಿ ಬರುತ್ತವೆ. ಅಳತೆಯ ಬೂದು ಕಾರ್ಡು ಕೊಳ್ಳುವ ಅಗತ್ಯವೇ ಇಲ್ಲ. ಬಂಡೆಗೆ ಬೀಳುವ ಬಿಸಿಲು, ತೆಗೆಯುವ ವಸ್ತುವಿಗೆ ಬೀಳುವ ಬಿಸಿಲು ಎರಡೂ ಒಂದೇ ಇರಬೇಕು, ಅಷ್ಟೇ.

ಕೆಂಪು ಮೆಣಸಿನಕಾಯಿಯ ಕಣ ಎಲ್ಲರನ್ನೂ ಕೆಡಿಸುವ ಜಾಗ. ಒಣಹಾಕಿದ ಕಾಯಿ ಎಕರೆಗಟ್ಟಲೆ ಹರಡಿರುತ್ತದೆ, ಕಣ್ಣಿಗೆ ಹಬ್ಬ. ಫೋಟೊದಲ್ಲಿ ಮಾತ್ರ ಕಾಯಿಯ ಸುಕ್ಕು, ತೊಟ್ಟು ಒಂದೂ ಕಾಣದೆ ಕೆಂಪು ಬಣ್ಣ ಬಳಿದಂತೆ ಬರುತ್ತದೆ. ಹಿಸ್ಟೋಗ್ರಾಮ್ (ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಎಂದು ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ನೋಡಿದರೆ ಎಲ್ಲ ಸರಿ ಇರುವಂತೆ ತೋರುತ್ತದೆ. ಕಾರಣವಿಷ್ಟೆ: ಒಂದೇ ಗೆರೆಯ ಸಾಮಾನ್ಯ ಹಿಸ್ಟೋಗ್ರಾಮ್ ಹಸಿರಿಗೆ ಹೆಚ್ಚು ತೂಕ ಕೊಟ್ಟು ಲೆಕ್ಕ ಹಾಕುತ್ತದೆ, ಕೆಂಪು ತುಂಬಿ ಹರಿದರೂ ಅದು ಹೇಳುವುದಿಲ್ಲ. ಮೆನುವಿನಲ್ಲಿ ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಮ್ ಹಾಕಿಕೊಂಡು, ಕೆಂಪಿನ ಗುಡ್ಡ ಬಲಗಡೆಯ ಗೋಡೆಗೆ ಒತ್ತದಂತೆ ಮೈನಸ್ 0.7 ಅಥವಾ ಮೈನಸ್ 1ಕ್ಕೆ ಇಳಿಸಬೇಕು. ಬಣ್ಣ ಎದ್ದು ಕಾಣಿಸುವ ವಿವಿಡ್ ಮೋಡ್ ಹಾಕಲೇಬಾರದು, ಅದು ಕೆಂಪನ್ನು ಇನ್ನಷ್ಟು ಉಕ್ಕಿಸುತ್ತದೆ. ಸೂರ್ಯಕಾಂತಿ ಹೊಲಕ್ಕೂ ಇದೇ ಎಚ್ಚರ.

ಬಿಸಿಲಲ್ಲಿ ಕ್ಯಾಮೆರಾದ ಹಿಂದಿನ ಪರದೆಯನ್ನು ನಂಬಬಾರದು. ಸುತ್ತಲಿನ ಬೆಳಕಿಗೆ ಪರದೆ ಮಂಕಾಗಿ ಕಾಣುತ್ತದೆ, ಫೋಟೊ ಕಪ್ಪಾಗಿದೆ ಎಂದುಕೊಂಡು ಬೆಳಕು ಏರಿಸುತ್ತಾರೆ, ಮನೆಗೆ ಬಂದು ನೋಡಿದರೆ ಆಕಾಶವೆಲ್ಲ ಸುಟ್ಟಿರುತ್ತದೆ. ಸುಟ್ಟ ಜಾಗ ಮಿನುಗುವ ಹೈಲೈಟ್ ಎಚ್ಚರಿಕೆಯನ್ನು ಸದಾ ಹಾಕಿರಬೇಕು. ಮೋಡ ಮಿನುಗಿದರೆ 0.3 ಅಥವಾ 0.7 ಇಳಿಸಿ ಮತ್ತೊಂದು ತೆಗೆಯಬೇಕು. ಸೂರ್ಯನ ಬಿಂಬ ಮಿನುಗಿದರೆ ಬಿಡಿ, ಅದು ಸುಡಲೇಬೇಕು. ಜೆಪೆಗ್ ಜೊತೆ ರಾ ಫೈಲೂ (ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸುವ ಮೂಲ ಫೈಲು) ಇಟ್ಟುಕೊಂಡರೆ ಕಪ್ಪಾದ ನೆರಳನ್ನು ಎರಡು ಸ್ಟಾಪ್‌ವರೆಗೆ ಮೇಲೆತ್ತಬಹುದು. ಸುಟ್ಟುಹೋದ ಬಿಳುಪನ್ನು ಮಾತ್ರ ಯಾವ ಫೈಲಿನಿಂದಲೂ ತರಲಾಗದು. ಮಂಟಪದ ಒಳಗೆ ನಿಂತು ಹೊರಗಿನ ಬಿಸಿಲನ್ನೂ ಸೇರಿಸಿ ತೆಗೆಯುವಾಗ ಒಂದೇ ಫೋಟೊದಲ್ಲಿ ಎರಡನ್ನೂ ಹಿಡಿಯುವುದು ಕಷ್ಟ. ಮೈನಸ್ 2, ಸೊನ್ನೆ, ಪ್ಲಸ್ 2 ಎಂದು ಮೂರು ತೆಗೆದು ಜೋಡಿಸಬೇಕು, ಇಲ್ಲವೇ ಕಂಬಗಳನ್ನು ಕಪ್ಪು ಆಕೃತಿಯಾಗಿಯೇ ಬಿಟ್ಟುಬಿಡಬೇಕು. ಎರಡನೆಯದೇ ಎಷ್ಟೋ ಸಲ ಚೆಂದ.

ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ಚಿತ್ರವನ್ನು ಹೊಂದಿಸುವುದು) ಬಗ್ಗೆ ಒಂದೇ ಮಾತು: ನಸುಕಿನಲ್ಲಿ ಆಟೊ ಬೇಡ. ಹೊಂಬಣ್ಣವನ್ನು ದೋಷವೆಂದು ತಿಳಿದು ಅದು ತೊಳೆದುಹಾಕುತ್ತದೆ. ಡೇಲೈಟ್‌ಗೆ, ಅಂದರೆ 5200ರಿಂದ 5500 ಕೆಲ್ವಿನ್‌ಗೆ ಕಟ್ಟಿಹಾಕಿ.

ಅಪರ್ಚರ್‌ನಲ್ಲಿ ಆಗುವ ತಪ್ಪು ಅತಿಯಾಸೆಯದ್ದು. ಹತ್ತಿರದ ಕಲ್ಲು, ದೂರದ ಬೆಟ್ಟ ಎರಡೂ ನಿಚ್ಚಳವಾಗಿರಲಿ ಎಂದು ಎಫ್/22ಕ್ಕೆ ತಿರುಗಿಸುತ್ತಾರೆ. ಅಷ್ಟು ಕಿರಿದಾದ ಕಿಂಡಿಯಲ್ಲಿ ಬೆಳಕು ಬಾಗಿ ಹರಡುತ್ತದೆ, ಇಡೀ ಚಿತ್ರ ಮೆತ್ತಗಾಗುತ್ತದೆ. ಮೇಲಾಗಿ ಸೆನ್ಸರ್ ಮೇಲಿನ ಧೂಳಿನ ಚುಕ್ಕೆಗಳೆಲ್ಲ ಆಕಾಶದಲ್ಲಿ ಎದ್ದು ಕಾಣುತ್ತವೆ. ಸಾಮಾನ್ಯವಾಗಿ ಜನರ ಕೈಯಲ್ಲಿರುವ ಕ್ರಾಪ್ ಸೆನ್ಸರ್ ಕ್ಯಾಮೆರಾ (ಫಿಲ್ಮ್ ಚೌಕಟ್ಟಿಗಿಂತ ಚಿಕ್ಕ ಸೆನ್ಸರ್ ಇರುವುದು), 18-55 ಮಿ.ಮೀ. ಲೆನ್ಸ್‌ಗೆ (ಮಿ.ಮೀ. ಕಡಿಮೆಯಾದಷ್ಟು ನೋಟ ಅಗಲ) ಎಫ್/8 ಒಳ್ಳೆಯದು, ಹೆಚ್ಚೆಂದರೆ ಎಫ್/11. 18 ಮಿ.ಮೀ., ಎಫ್/8ರಲ್ಲಿ ಸುಮಾರು 2 ಮೀಟರ್ ದೂರದ ವಸ್ತುವಿಗೆ ಫೋಕಸ್ ಮಾಡಿದರೆ 1 ಮೀಟರ್‌ನಿಂದ ದಿಗಂತದವರೆಗೂ ನಿಚ್ಚಳ. ಎರಡು ಮೀಟರ್ ಆಚೆಗಿನ ಕಲ್ಲಿಗೆ ಫೋಕಸ್ ಮಾಡಿ, ಮ್ಯಾನುಯಲ್ ಫೋಕಸ್‌ಗೆ ಬದಲಿಸಿ, ಮತ್ತೆ ಮುಟ್ಟದಿದ್ದರೆ ಆಯಿತು. ಬೆಟ್ಟಕ್ಕೆ ಫೋಕಸ್ ಮಾಡಿದರೆ ಮುಂದಿನ ಕಲ್ಲು ಮಸುಕಾಗುತ್ತದೆ, ಫೋಕಸ್ ಆಳದ ಅರ್ಧ ಭಾಗ ಬೆಟ್ಟದ ಆಚೆ ವ್ಯರ್ಥವಾಗುತ್ತದೆ.

ಕೈ ಅಲುಗಾಟಕ್ಕೆ ಲೆಕ್ಕ ಸುಲಭ. ಲೆನ್ಸ್‌ನ ಮಿ.ಮೀ. ಸಂಖ್ಯೆಯನ್ನು ಕ್ರಾಪ್ ಸೆನ್ಸರ್ ಆದರೆ ಒಂದೂವರೆಯಿಂದ ಗುಣಿಸಿ, ಅದರ ಪಾಲಿನಷ್ಟು ವೇಗ ಇಡಬೇಕು. 55ಕ್ಕೆ 1/100, 300ಕ್ಕೆ 1/500. ಹಾರುವ ಹಕ್ಕಿಗೆ 1/2000. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಇಡುವುದಕ್ಕೆ ಮೊದಲೇ ಅನುಮತಿ ಪಡೆಯಬೇಕು, ಡ್ರೋನ್‌ನ ಮಾತಂತೂ ಎತ್ತುವುದೇ ಬೇಡ. ಟ್ರೈಪಾಡ್ ಇಲ್ಲದ ಕಡೆ ಗಟ್ಟಿ ಬಟ್ಟೆಯ ಚೀಲದಲ್ಲಿ ಒಂದು ಕಿಲೊ ಜೋಳ ತುಂಬಿ ಬಾಯಿ ಹೊಲಿದುಕೊಂಡು ಹೋಗಿ. ಪೂರ್ತಿ ತುಂಬಬಾರದು, ಮುಕ್ಕಾಲು ಸಾಕು. ಬಂಡೆಯ ಮೇಲಿಟ್ಟು ನಡುವೆ ಗುಳಿ ಮಾಡಿ ಕ್ಯಾಮೆರಾ ಕೂರಿಸಿ, ಎರಡು ಸೆಕೆಂಡಿನ ಟೈಮರ್ ಹಾಕಿದರೆ 1/4 ಸೆಕೆಂಡಿನ ಫೋಟೊವೂ ಅಲುಗದೆ ಬರುತ್ತದೆ.

ಚೌಕಟ್ಟಿನ ವಿಷಯಕ್ಕೆ ಬಂದರೆ, ನಮ್ಮ ಗುಡ್ಡಗಳ ಫೋಟೊ ಎಲ್ಲರದ್ದೂ ಒಂದೇ ರೀತಿ ಕೆಡುತ್ತದೆ. ಎದುರಿಗೆ ನಿಂತಾಗ ಬೆಟ್ಟ ದೈತ್ಯ, ಫೋಟೊದಲ್ಲಿ ಕಲ್ಲಿನ ಸಣ್ಣ ಗುಪ್ಪೆ. ಎಲ್ಲವೂ ಬರಲಿ ಎಂದು 18 ಮಿ.ಮೀ. ಇಟ್ಟದ್ದರ ಫಲ ಅದು. ಹತ್ತಿರದ್ದು, ದೂರದ್ದು ಒಂದಕ್ಕೊಂದು ಎಷ್ಟು ದೊಡ್ಡದಾಗಿ ಕಾಣಬೇಕೆಂದು ತೀರ್ಮಾನಿಸುವುದು ನೀವು ನಿಂತ ದೂರ. ಒಬ್ಬ ಮನುಷ್ಯ 3 ಮೀಟರ್ ದೂರದಲ್ಲಿ, ಬಂಡೆ 300 ಮೀಟರ್ ದೂರದಲ್ಲಿ ಇದೆ, ಲೆನ್ಸ್ 18 ಮಿ.ಮೀ. ಎನ್ನಿ. ಅದೇ ಮನುಷ್ಯನಿಂದ 30 ಮೀಟರ್ ದೂರಕ್ಕೆ ಸರಿದು 180 ಮಿ.ಮೀ. ಲೆನ್ಸ್ ಹಾಕಿದರೆ ಮನುಷ್ಯ ಅಷ್ಟೇ ಗಾತ್ರದಲ್ಲಿರುತ್ತಾನೆ, ಹಿಂದಿನ ಬಂಡೆ ಮೊದಲಿಗಿಂತ ಒಂಬತ್ತು ಪಟ್ಟು ದೊಡ್ಡದಾಗಿ ಎದ್ದು ನಿಲ್ಲುತ್ತದೆ. ಗಂಗಾವತಿ, ಆನೆಗೊಂದಿ ಸೀಮೆಯ ಭತ್ತದ ಗದ್ದೆ, ಅದರಾಚೆ ಬಾಳೆ, ಅದರಾಚೆ ತೆಂಗು, ಹಿಂದೆ ಒಂದರ ಮೇಲೊಂದು ಪೇರಿಸಿಟ್ಟಂಥ ಗುಂಡುಗಳು, ಹೀಗೆ ಪದರು ಪದರಾಗಿ ಬರಬೇಕಾದರೆ ಇದೇ ದಾರಿ: ದೂರ ನಿಂತು 100ರಿಂದ 200 ಮಿ.ಮೀ.ನಲ್ಲಿ ಸ್ವಲ್ಪವನ್ನೇ ಆರಿಸಿಕೊಳ್ಳುವುದು. ಒಬ್ಬ ರೈತನೋ ಒಂದು ಕೊಕ್ಕರೆಯೋ ಚೌಕಟ್ಟಿನಲ್ಲಿ ಚಿಕ್ಕದಾಗಿ ಇದ್ದರೆ ಬಂಡೆಯ ಅಳತೆ ನೋಡುವವರಿಗೆ ತಾನಾಗಿ ಸಿಗುತ್ತದೆ.

ಅಗಲದ ಲೆನ್ಸೇ ಬೇಕಾದ ಜಾಗಗಳೂ ಇವೆ. ಹಿರೇಬೆಣಕಲ್ ಬೆಟ್ಟದ ಮೇಲಿನ ನೂರಾರು ಶಿಲಾಸಮಾಧಿಗಳ ನಡುವೆ, 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿದ ತಾಣವದು, ಮಂಡಿಯೂರಿ ಕೂತು ಒಂದು ಕಲ್ಲುಮನೆಗೆ ಒಂದೂವರೆ ಮೀಟರ್ ಹತ್ತಿರ ಹೋಗಬೇಕು. ಅದರ ಚಪ್ಪಡಿ ಚೌಕಟ್ಟಿನ ಒಂದು ಬದಿಯ ಮೂರನೇ ಒಂದು ಪಾಲು ತುಂಬಲಿ, ಉಳಿದವು ಸಾಲಾಗಿ ಹಿಂದಕ್ಕೆ ಸರಿಯಲಿ. ಇಳಿಹೊತ್ತಿನ ಪಕ್ಕದ ಬೆಳಕಿನಲ್ಲಿ ಗುಂಡು ಕಿಂಡಿಯ ಒಳಗಿನ ಕಪ್ಪು ತಾನೇ ಕಣ್ಣನ್ನು ಸೆಳೆಯುತ್ತದೆ. ಎರಡು ಸಾವಿರ ವರ್ಷಕ್ಕೂ ಹಳೆಯ ಆ ಚಪ್ಪಡಿಗಳ ಮೇಲೆ ಹತ್ತಿ ನಿಂತು ತೆಗೆಸಿಕೊಂಡ ಫೋಟೊಗಳನ್ನು ದಯವಿಟ್ಟು ಪ್ರಕಟಿಸಬೇಡಿ. ಒಂದನ್ನು ನೋಡಿ ಹತ್ತು ಜನ ಹತ್ತುತ್ತಾರೆ, ಮನುಷ್ಯನ ಭಾರಕ್ಕೆ ಬಿರುಕು ಬಿಟ್ಟ ಚಪ್ಪಡಿಯನ್ನು ಮತ್ತೆ ಕೂಡಿಸಲಾಗದು. ಶಾಸನಗಳ ಮೇಲೆ ಸುಣ್ಣದ ಕಡ್ಡಿ ತಿಕ್ಕಿ, ನೀರು ಸುರಿದು ತೆಗೆದ ಫೋಟೊಗಳೂ ಹಾಗೆಯೇ. ರಾಯಚೂರು ಕೋಟೆಯ 1294ರ ಶಾಸನದ ಕಲ್ಲಾಗಲಿ, ಊರೂರಿನ ವೀರಗಲ್ಲಾಗಲಿ, ಅಕ್ಷರ ಓದಲು ಬೇಕಿರುವುದು ಓರೆ ಬೆಳಕು. ಬಿಸಿಲು ನೇರವಾಗಿದ್ದರೆ ಒಬ್ಬರು ಚಾದರ ಅಡ್ಡ ಹಿಡಿದು ಕಲ್ಲಿಗೆ ನೆರಳು ಮಾಡಲಿ, ಇನ್ನೊಬ್ಬರು ಟಾರ್ಚನ್ನು ಕಲ್ಲಿನ ಮೈಗೆ 10ರಿಂದ 15 ಡಿಗ್ರಿ ಓರೆಯಲ್ಲಿ ಪಕ್ಕದಿಂದ ಹಿಡಿಯಲಿ. ಒಮ್ಮೆ ಎಡದಿಂದ, ಒಮ್ಮೆ ಮೇಲಿನಿಂದ. ಸವೆದುಹೋದ ಅಕ್ಷರವೂ ಎದ್ದು ಬರುತ್ತದೆ.

ಆಕಾಶ ಬೆಳ್ಳಗಿದ್ದರೆ ಅದಕ್ಕೆ ಚೌಕಟ್ಟಿನಲ್ಲಿ ಜಾಗ ಕೊಡಬೇಡಿ, ಬೆಟ್ಟದ ತುದಿಯವರೆಗೆ ಕತ್ತರಿಸಿ. ಮೋಡ ಚೆನ್ನಾಗಿದ್ದರೆ ಮೂರರಲ್ಲಿ ಎರಡು ಪಾಲು ಅದಕ್ಕೇ ಕೊಡಿ. ದಿಗಂತ ಓರೆಯಾದರೆ ಸಾಣಾಪುರ ಕೆರೆಯ ನೀರು ಒಂದು ಬದಿಗೆ ಚೆಲ್ಲುವಂತೆ ಕಾಣುತ್ತದೆ, ಪರದೆಯಲ್ಲಿ ಗ್ರಿಡ್ ಗೆರೆ ಹಾಕಿಕೊಂಡರೆ ಆ ತೊಂದರೆ ಇಲ್ಲ. ಗೋಪುರ ಹಿಂದಕ್ಕೆ ವಾಲಿದಂತೆ ಬರುವುದು ಕ್ಯಾಮೆರಾವನ್ನು ಮೇಲಕ್ಕೆ ಎತ್ತಿದ್ದರಿಂದ. ಕ್ಯಾಮೆರಾ ನೆಟ್ಟಗೆ ಹಿಡಿದೇ ಕಳಸ ಕಾಣುವಷ್ಟು ಹಿಂದೆ ಹೋಗಿ, ಕೆಳಗೆ ಬರುವ ಹೆಚ್ಚುವರಿ ನೆಲವನ್ನು ಆಮೇಲೆ ಕತ್ತರಿಸಿಕೊಳ್ಳಿ. ಗುಂಡಿ ಒತ್ತುವ ಮುಂಚೆ ಚೌಕಟ್ಟಿನ ನಾಲ್ಕೂ ಅಂಚಿನ ಮೇಲೆ ಒಮ್ಮೆ ಕಣ್ಣು ಹಾಯಿಸಿದರೆ ಅರ್ಧ ತುಂಡಾದ ಕೈ, ತಲೆಯ ಮೇಲೆ ಮೊಳೆತ ಕರೆಂಟ್ ಕಂಬ, ಮೂಲೆಯ ಪ್ಲಾಸ್ಟಿಕ್ ಚೀಲ ಕಣ್ಣಿಗೆ ಬೀಳುತ್ತವೆ.

ಜನವರಿಯಲ್ಲಿ ಬರುವ ಗವಿಸಿದ್ಧೇಶ್ವರ ಜಾತ್ರೆಯ ತೇರಿಗೆ ಪ್ರತಿ ವರ್ಷ ಸಾವಿರಾರು ಕ್ಯಾಮೆರಾ ಏಳುತ್ತವೆ. ತೇರಿನತ್ತ ತೂರುವ ಉತ್ತತ್ತಿ, ಬಾಳೆಹಣ್ಣು ಗಾಳಿಯಲ್ಲಿ ನಿಂತಂತೆ ಬರಬೇಕಾದರೆ 1/1000 ಬೇಕು. ಸಂಜೆಯ ಬೆಳಕಿಗೆ ಎಫ್/5.6, ಐಎಸ್‌ಒ ಆಟೊ, ಮೇಲಿನ ಮಿತಿ 1600. ಚೌಕಟ್ಟಿನ ತುಂಬ ಬಿಳಿ ಅಂಗಿಗಳಿದ್ದರೆ ಪ್ಲಸ್ 0.7. ತೇರು ಸಾಗುವ ಕಡೆಗೆ ಹೆಚ್ಚು ಜಾಗ ಬಿಡಬೇಕು. ಕಳಸವೂ ಬೇಕು, ಕೆಳಗೆ ಎತ್ತಿದ ಕೈಗಳೂ ಬೇಕು, ಆದ್ದರಿಂದ ಕ್ಯಾಮೆರಾ ಉದ್ದಕ್ಕೆ ಹಿಡಿಯುವುದು ಒಳ್ಳೆಯದು. ಹಗ್ಗದ ಹತ್ತಿರ, ಗಾಲಿಯ ಮುಂದೆ ನಿಲ್ಲುವುದು ಜೀವಕ್ಕೇ ಅಪಾಯ. ಮನೆಯವರನ್ನು ಕೇಳಿ ಯಾವುದಾದರೂ ಮಾಳಿಗೆ ಹತ್ತುವುದು ಎಷ್ಟೋ ಮೇಲು.

ಹೊಲದಲ್ಲಿ ದುಡಿಯುವವರ ಫೋಟೊ ತೆಗೆಯುವ ಮುಂಚೆ ‘ಅಕ್ಕಾರ, ಒಂದ್ ಫೋಟೊ ತಗೀಲೇನ್ರಿ?’ ಎಂದು ಕೇಳಲೇಬೇಕು. ಬೇಡ ಎಂದರೆ ಬೇಡ. ಸೆರಗು, ಟವೆಲ್ಲಿನ ಕೆಳಗೆ ಮುಖ ಕಪ್ಪಾಗುತ್ತಿದ್ದರೆ ಫ್ಲ್ಯಾಶ್ ಹಾಕಿ, ಫ್ಲ್ಯಾಶ್‌ನ ಬಲ ಮೈನಸ್ 1. ಹೆಚ್ಚಿನ ಕ್ಯಾಮೆರಾಗಳಲ್ಲಿ ಫ್ಲ್ಯಾಶ್ ಜೊತೆ 1/200ಕ್ಕಿಂತ ವೇಗ ಸಿಗದು, ಹಾಗಾಗಿ ಐಎಸ್‌ಒ 100, ಎಫ್/11. ಫ್ಲ್ಯಾಶ್ ಇಲ್ಲದವರು ಬಿಳಿ ಪಂಚೆಯನ್ನು ಬಿಸಿಲಲ್ಲಿ ಬಿಗಿಯಾಗಿ ಹಿಡಿದು ಅದರ ಬೆಳಕನ್ನು ಮುಖಕ್ಕೆ ತಿರುಗಿಸಬಹುದು, ಎರಡು ಮೀಟರ್ ಒಳಗಿದ್ದರೆ ಒಳ್ಳೆಯ ಪರಿಣಾಮ.

ತುಂಗಭದ್ರೆಯ ಬಂಡೆಗಳ ನಡುವಿನ ನೀರು ಹಾಲಿನಂತೆ ಬರಬೇಕಾದರೆ ಎನ್‌ಡಿ ಫಿಲ್ಟರ್ (ಬೆಳಕನ್ನು ತನ್ನ ಸಂಖ್ಯೆಯಷ್ಟು ಪಟ್ಟು ತಗ್ಗಿಸುವ ಕಪ್ಪು ಗಾಜು) ಬೇಕು. ಸೂರ್ಯ ಹುಟ್ಟಿದ ಮೇಲೆ ಎಫ್/11ರಲ್ಲಿ 1/60 ಬಂದರೆ, ಎನ್‌ಡಿ 64 ಹಾಕಿದಾಗ 1 ಸೆಕೆಂಡ್, ಎನ್‌ಡಿ 1000 ಹಾಕಿದಾಗ ಸುಮಾರು 16 ಸೆಕೆಂಡ್. ಫೋಕಸ್ ಮೊದಲೇ ಮಾಡಿ ಆಮೇಲೆ ಫಿಲ್ಟರ್ ತಿರುಗಿಸಬೇಕು, ಎನ್‌ಡಿ 1000 ಹಾಕಿದ ಮೇಲೆ ಕ್ಯಾಮೆರಾಕ್ಕೆ ಏನೂ ಕಾಣುವುದಿಲ್ಲ. ಜಲಾಶಯದಿಂದ ನೀರು ಬಿಟ್ಟಾಗ ನಡುಬಂಡೆಯ ಮೇಲೆ ನಿಂತವರ ಸುತ್ತ ನದಿ ಏರುತ್ತದೆ ಎಂಬುದನ್ನು ಮರೆಯಬಾರದು. ಹರಿಗೋಲಿನಿಂದ ಚಿಮ್ಮುವ ಹನಿಗೆ 1/1000, ಅದು ಗಿರಗಿರ ತಿರುಗುವುದು ಕಾಣಬೇಕಾದರೆ 1/30. ಭತ್ತದ ಎಲೆಯ ಹೊಳಪು, ಒದ್ದೆ ಬಂಡೆಯ ಮಿಂಚು ತೆಗೆದು ನಿಜಬಣ್ಣ ತರುವುದು ಪೋಲರೈಸರ್ ಎಂಬ ಫಿಲ್ಟರ್. ಸೂರ್ಯ ನಿಮ್ಮ ಭುಜದ ಕಡೆಗಿದ್ದಾಗ ಅದರ ಗುಣ ಹೆಚ್ಚು, ಬೆನ್ನ ಹಿಂದಿದ್ದಾಗ ಇಲ್ಲವೇ ಇಲ್ಲ. ಅಗಲದ ಲೆನ್ಸ್‌ಗೆ ಹಾಕಿದರೆ ಆಕಾಶದ ಒಂದು ಕಡೆ ಕಡುನೀಲಿ, ಇನ್ನೊಂದು ಕಡೆ ತಿಳಿನೀಲಿ ಬಂದು ಕೆಡುತ್ತದೆ.

ದೊಡ್ಡ ಲೆನ್ಸ್ ಕೊಂಡವರು ದೂರದ ಹಕ್ಕಿ, ಕೃಷ್ಣಮೃಗ ಮಸುಕಾಗಿ ಬಂದರೆ ಲೆನ್ಸ್ ಕೆಟ್ಟಿದೆ ಎಂದು ಅಂಗಡಿಗೆ ಓಡುತ್ತಾರೆ. ಕಾದ ಎರೆ ಹೊಲದ ಮೇಲಿನ ಬಿಸಿಗಾಳಿ ಕುದಿಯುವಂತೆ ಅಲುಗುತ್ತದೆ, ಅದರ ಮೂಲಕ ಬಂದ ಬೆಳಕೂ ಅಲುಗುತ್ತದೆ. ಎಷ್ಟು ಬೆಲೆಯ ಲೆನ್ಸೂ ಅದನ್ನು ಸರಿಪಡಿಸಲಾರದು. ಬೆಳಗ್ಗೆ ಎಂಟರೊಳಗೆ ತೆಗೆಯಬೇಕು, ಇಲ್ಲವೇ ಹತ್ತಿರ ಹೋಗಬೇಕು. ಸಂಡೂರಿನ ಕಡೆಯ ಅದಿರಿನ ಕೆಂಧೂಳಿನಲ್ಲಿ ಲೆನ್ಸ್ ಬದಲಿಸುವಾಗ ಕ್ಯಾಮೆರಾ ಆಫ್ ಮಾಡಿ, ಗಾಳಿಗೆ ಬೆನ್ನು ಮಾಡಿ, ಬಾಯಿ ಕೆಳಗಾಗಿ ಹಿಡಿಯಿರಿ. ಒಳಗೆ ಬಾಯಿಂದ ಊದಿದರೆ ಎಂಜಲು ಸೆನ್ಸರ್‌ಗೆ ಅಂಟುತ್ತದೆ, ರಬ್ಬರ್ ಬ್ಲೋವರ್ ಮಾತ್ರ ಬಳಸಿ.

ಮೊಬೈಲ್‌ನವರಿಗೆ ಅಪರ್ಚರ್ ಬದಲಿಸುವ ಅವಕಾಶ ಹೆಚ್ಚಾಗಿ ಇರುವುದಿಲ್ಲ. ಆದರೂ ಮಾಡಬಹುದಾದದ್ದು ಬಹಳ. ಮೊದಲು ಲೆನ್ಸ್ ಒರೆಸಿ, ಬೆರಳಿನ ಎಣ್ಣೆಯೇ ಎಷ್ಟೋ ಫೋಟೊಗಳ ಮಂಜಿಗೆ ಕಾರಣ. ಪರದೆಯ ಮೇಲೆ ಬೇಕಾದ ಜಾಗವನ್ನು ಒತ್ತಿ ಹಿಡಿದು ಫೋಕಸ್, ಬೆಳಕು ಎರಡನ್ನೂ ಬೀಗ ಹಾಕಿ, ಸೂರ್ಯನ ಗುರುತನ್ನು ಕೆಳಕ್ಕೆ ಎಳೆದು ಆಕಾಶಕ್ಕೆ ಬಣ್ಣ ಬರುವವರೆಗೆ ಇಳಿಸಿ. ಬೆರಳಿನಿಂದ ಹಿಗ್ಗಿಸಿ ಜೂಮ್ ಮಾಡುವ ಬದಲು ನಡೆದು ಹತ್ತಿರ ಹೋಗಿ.

ಕೊನೆಗೆ ಫೋಟೊ ಕಳಿಸುವ ರೀತಿ. ಇದು ನಿಮ್ಮ ಕಚೇರಿಗೂ ಸಂಬಂಧಿಸಿದ್ದು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದರೆ ಸಾಮಾನ್ಯ ಗುಣಮಟ್ಟದಲ್ಲಿ ಉದ್ದದ ಬದಿ ಸುಮಾರು 1600 ಪಿಕ್ಸೆಲ್‌ಗೆ ಕುಗ್ಗುತ್ತದೆ. ಇಂಚಿಗೆ 200 ಪಿಕ್ಸೆಲ್ ಲೆಕ್ಕದಲ್ಲಿ ಅದು 20 ಸೆಂ.ಮೀ. ಅಗಲಕ್ಕೆ ಸರಿಹೋಗುತ್ತದೆ, ಅರ್ಧ ಕತ್ತರಿಸಿದರೆ ಸಾಲದು. ಇನ್ನೂ ದೊಡ್ಡ ನಷ್ಟವೆಂದರೆ ಫೈಲಿನೊಳಗೆ ಕ್ಯಾಮೆರಾ ತಾನೇ ಬರೆದಿಟ್ಟ ಗಂಟೆ, ಶಟರ್, ಅಪರ್ಚರ್ ವಿವರವೆಲ್ಲ ಅಳಿಸಿಹೋಗುತ್ತದೆ. ಅದೇ ಫೋಟೊವನ್ನು ಡಾಕ್ಯುಮೆಂಟ್ ಆಗಿ ಲಗತ್ತಿಸಿದರೆ, ಅಥವಾ ಇ-ಮೇಲ್ ಮಾಡಿದರೆ, ವಿವರ ಹಾಗೇ ಉಳಿಯುತ್ತದೆ. ಪತ್ರಿಕೆಯ ಕಾಗದ ಶಾಯಿ ಹೀರಿ ಚುಕ್ಕೆ ಹಿಗ್ಗುವುದರಿಂದ ನೆರಳು ಮೊಬೈಲ್ ಪರದೆಗಿಂತ ಕಪ್ಪಾಗಿ ಅಚ್ಚಾಗುತ್ತದೆ. ಕಳಿಸುವವರು ನೆರಳಿನ ಭಾಗವನ್ನು ಅರ್ಧ ಸ್ಟಾಪ್ ಮೇಲೆತ್ತಿ ಕಳಿಸಿದರೆ ನಿಮ್ಮ ಪುಟ ವಿನ್ಯಾಸದವರ ಕೆಲಸ ಹಗುರ.

ಆದ್ದರಿಂದ ಫೋಟೊ ಆಹ್ವಾನಿಸುವ ಪ್ರಕಟಣೆಯಲ್ಲಿ ‘ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಿ’ ಎಂಬ ಮಾತು ಸೇರಿಸಬೇಕೆಂದು ಕೋರುತ್ತೇನೆ. ಆಗ ಓದುಗರನ್ನು ಬೇರೆ ಕೇಳುವ ಅಗತ್ಯವೂ ಇರದು, ನಿಮ್ಮ ಕಂಪ್ಯೂಟರ್‌ನಲ್ಲಿ ಫೈಲಿನ ವಿವರ ತೆರೆದರೆ ಎಲ್ಲ ಸಿಗುತ್ತದೆ. ಅಚ್ಚಾಗಬೇಕಾದ ಸಾಲು ಇಷ್ಟೇ ಉದ್ದ: ‘ಡಿಸೆಂಬರ್, ಬೆಳಗ್ಗೆ 7.10, 1/125, ಎಫ್/8, ಐಎಸ್‌ಒ 100, 35 ಮಿ.ಮೀ.’ ಮೊಬೈಲ್ ಆದರೆ ತಿಂಗಳು, ಗಂಟೆ ಎರಡೇ ಸಾಕು. ಗೂಡು ಕಟ್ಟಿದ ಹಕ್ಕಿ, ಮರಿ ಹಾಕಿದ ತೋಳದ ಚಿತ್ರವಿದ್ದರೆ ಮಾತ್ರ ಜಾಗದ ಹೆಸರನ್ನು ತಾಲ್ಲೂಕಿನವರೆಗೆ ನಿಲ್ಲಿಸಿ, ಫೈಲಿನಲ್ಲಿ ಜಿಪಿಎಸ್ ಗುರುತು ಇದ್ದರೆ ಅಂತರ್ಜಾಲ ಆವೃತ್ತಿಗೆ ಹಾಕುವ ಮುಂಚೆ ಅದನ್ನು ಅಳಿಸಿ.

ಇಂತಿ ನಿಮ್ಮ ಓದುಗ,
ಹವ್ಯಾಸಿ ಛಾಯಾಗ್ರಾಹಕ, ಗಂಗಾವತಿ, ಕೊಪ್ಪಳ ಜಿಲ್ಲೆ